ನಡುವಿನ ಮಂಚದ ಲೆಕ್ಕ

ಇದನ್ನು ಎಡಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ. ಬಲಗೈ ಮೇಜಿನ ಮೇಲೆ ಕೂತು ನೋಡುತ್ತಿದೆ. ಬರೆದು ಮುಗಿಸೋಕೆ 11 ದಿನ ಹಿಡಿಯಿತು. ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು 26 ವರ್ಷ ಲೆಕ್ಕ ಬರೆದವಳು. ಜಮಾ, ಖರ್ಚು, ಬಾಕಿ. ಪಾರ್ಶ್ವವಾಯು ಬಡಿದು ಒಂಬತ್ತನೇ ದಿನಕ್ಕೆ ಪುನರ್ವಸತಿ ವಾರ್ಡಿಗೆ ಕಳಿಸಿದಾಗಲೂ ಆ ಚಾಳಿ ಬಿಡಲಿಲ್ಲ. ಆರು ವಾರ ಅಲ್ಲಿದ್ದೆ. ವ್ಯಾಯಾಮ ಮಾಡಿದೆ, ಮಾತು ಕಲಿತೆ, ನಡೆಯೋದು ಕಲಿತೆ. ಆದರೆ ಇವೆಲ್ಲಕ್ಕಿಂತ ಜಾಸ್ತಿ ಮಾಡಿದ ಕೆಲಸ ಅಂದರೆ ಪಕ್ಕದ ಮಂಚದವರನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದು. ಅದರ ಬಗ್ಗೆ ಯಾರೂ ಬರೆಯೋದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಕೋಣೆಯಲ್ಲಿ ಮೂರು ಮಂಚ. ಬಾಗಿಲ ಹತ್ತಿರ ಒಬ್ಬ ಹುಡುಗಿ, ಮೂವತ್ತರ ಆಸುಪಾಸು. ನಡುವೆ ನಾನು. ಕಿಟಕಿ ಪಕ್ಕ ಒಬ್ಬರು ಹಿರಿಯರು. ಅವರನ್ನು ನಾವೆಲ್ಲ ಕಿಟಕಿಯಮ್ಮ ಅನ್ನುತ್ತಿದ್ದೆವು. ಮೂವರಿಗೂ ಆಗಿದ್ದು ಸ್ಟ್ರೋಕ್. ಆದರೆ ಸಿಸ್ಟರ್‌ಗಳ ಬಾಯಲ್ಲಿ ನಾನು ‘ಬ್ಲಾಕ್’, ಕಿಟಕಿಯಮ್ಮ ‘ಬ್ಲೀಡ್’, ಹುಡುಗಿ ‘ಅನ್ಯೂರಿಸಂ’. ಮೊದಲ ವಾರ ನನಗೆ ಈ ಹೆಸರುಗಳ ವ್ಯತ್ಯಾಸವೇ ತಲೆಗೆ ಹೋಗಲಿಲ್ಲ. ಎಲ್ಲರದ್ದೂ ಒಂದೇ ಕಾಯಿಲೆ, ಒಂದೇ ಜಿಮ್ಮು, ಒಂದೇ ಓಟ ಅಂದುಕೊಂಡಿದ್ದೆ.

ನನ್ನದು ಹೀಗಾಯಿತು. ಬೆಳಗ್ಗೆ ಎದ್ದಾಗ ಬಲಗೈ ಜೋಮು ಹಿಡಿದಿತ್ತು. ಕೈ ಮೇಲೆ ಮಲಗಿದ್ದೆ ಅನಿಸುತ್ತೆ ಅಂತ ಸುಮ್ನೆ ಕೂತೆ. ಮಗಳು ಬಂದು ಏನೋ ಕೇಳಿದಳು. ಉತ್ತರ ಕೊಟ್ಟೆ. ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು, ನನ್ನ ಬಾಯಿಂದ ಬಂದಿದ್ದು ಮಾತಲ್ಲ ಅಂತ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡೋಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ನನ್ನದು ನಿದ್ದೆಯಲ್ಲಿ ಆಗಿದ್ದು. ಗಡಿಯಾರ ಯಾವಾಗ ಶುರುವಾಯಿತು ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಮೆದುಳಿನ ಎಡಭಾಗದ ಒಂದು ನಾಳ ಕಟ್ಟಿಕೊಂಡು, ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಕೈಕೊಟ್ಟವು.

ಮಾತಿನ ಕಥೆ ಒಂಥರಾ ತಮಾಷೆ. ಬಾಚಣಿಗೆ ಬೇಕು ಅಂತ ಮನಸ್ಸಿನಲ್ಲಿ ಇರುತ್ತಿತ್ತು, ಬಾಯಲ್ಲಿ ‘ಬೀಗ’ ಅಂತ ಬರುತ್ತಿತ್ತು. ಅಂಕಿಗಳು ಇನ್ನೂ ಕಷ್ಟ. ಒಂಬತ್ತು ಅನ್ನೋಕೆ ಹೋಗಿ ಏಳು ಅನ್ನುತ್ತಿದ್ದೆ. ತಪ್ಪು ಅಂತ ಗೊತ್ತಾಗುತ್ತಿತ್ತು, ಸರಿ ಮಾಡೋಕೆ ಹೋಗಿ ಮತ್ತೆ ಏಳು. ಎಡಗೈಯಲ್ಲಿ ಬರೆದು ತೋರಿಸಿದರೆ ಮಾತ್ರ ಸರಿಯಾಗಿ 9 ಬರುತ್ತಿತ್ತು. ಸ್ಪೀಚ್ ಥೆರಪಿಸ್ಟ್ ಅದನ್ನೇ ಹಿಡಿದುಕೊಂಡರು. ಮೊದಲು ಬರೆಯಿರಿ, ಬರೆದಿದ್ದನ್ನು ನೋಡಿ ಓದಿ, ಆಮೇಲೆ ಹಾಳೆ ಮುಚ್ಚಿ ಹೇಳಿ. ಹೀಗೆ ಒಂದರಿಂದ ಇಪ್ಪತ್ತಕ್ಕೆ ಬರೋಕೆ ಎರಡು ವಾರ.

ಆ ಕಾರಣಕ್ಕೇ ಮಗಳು ಒಂದು ನೋಟ್‌ಬುಕ್ ತಂದುಕೊಟ್ಟಳು. ಅದೇ ನನ್ನ ಖಾತೆ ಪುಸ್ತಕ ಆಯಿತು.

ವಾರ್ಡಿಗೆ ಬಂದ ಮೂರನೇ ದಿನ ಒಂದು ಅಂಕಪಟ್ಟಿ ಸಿಕ್ಕಿತು. ಫಿಮ್ ಅಂತಾರೆ. ಊಟ, ಸ್ನಾನ, ಬಟ್ಟೆ, ಮೆಟ್ಟಿಲು, ಮಾತು, ನೆನಪು ಅಂತ ಒಟ್ಟು 18 ವಿಷಯ. ಒಂದೊಂದಕ್ಕೂ 1ರಿಂದ 7. ಪೂರ್ತಿ ಇನ್ನೊಬ್ಬರೇ ಮಾಡಬೇಕು ಅಂದರೆ 1. ಯಾರ ನೆರವೂ ಬೇಡ, ಕೋಲು ಗೀಲೂ ಬೇಡ ಅಂದರೆ 7. ಲೆಕ್ಕ ಹಾಕಿ ನೋಡಿ, ಕಡಿಮೆ ಅಂದರೆ 18, ಹೆಚ್ಚು ಅಂದರೆ 126. ಸೊನ್ನೆ ಇಲ್ಲವೇ ಇಲ್ಲ. ಅಲ್ಲಾಡದೆ ಮಲಗಿದ್ದವರಿಗೂ 18 ಸಿಗುತ್ತೆ. ಲೆಕ್ಕದವಳಿಗೆ ಇದು ಸ್ವಲ್ಪ ಮೋಸ ಅನಿಸಿತು.

ನನಗೆ 71 ಬಂತು. ನೋಟ್‌ಬುಕ್ಕಿನಲ್ಲಿ ‘ಆರಂಭದ ಬಾಕಿ 71’ ಅಂತ ಬರೆದೆ.

ಐದು ದಿನ ಬಿಟ್ಟು ಕಿಟಕಿಯಮ್ಮನನ್ನು ಟ್ರಾಲಿಯಲ್ಲಿ ತಂದರು. ಬಿಪಿ ಏರಿ ಮೆದುಳಿನ ಬಲಭಾಗದ ಆಳದಲ್ಲಿ ನಾಳ ಒಡೆದಿತ್ತು. ಮೂರು ವಾರಕ್ಕೂ ಜಾಸ್ತಿ ಬೇರೆ ಕಡೆ ಇದ್ದು ಬಂದಿದ್ದರು, ಅದರಲ್ಲಿ ಅರ್ಧ ಐಸಿಯುನಲ್ಲಿ. ಮೂಗಿನಲ್ಲಿ ಪೈಪು. ಎಡಗೈ, ಎಡಗಾಲು ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದವು. ಕೂರಿಸಿದರೆ ಎಡಕ್ಕೆ ವಾಲುತ್ತಿದ್ದರು. ನೆಟ್ಟಗೆ ಮಾಡೋಕೆ ಹೋದರೆ ಒಳ್ಳೆಯ ಕೈಯಿಂದಲೇ ತಮ್ಮನ್ನು ಇನ್ನಷ್ಟು ಎಡಕ್ಕೆ ತಳ್ಳಿಕೊಳ್ಳುತ್ತಿದ್ದರು. ಅವರ ಮೆದುಳಿಗೆ ‘ನೆಟ್ಟಗೆ’ ಅನ್ನೋದೇ ಓರೆಯಾಗಿ ಕಾಣುತ್ತೆ ಅಂತ ಫಿಸಿಯೋ ಹೇಳಿದರು. ಪಾಪ ಅನಿಸಿತು. ನಿಜ ಹೇಳಬೇಕಂದರೆ ಪಾಪದ ಜೊತೆ ಸ್ವಲ್ಪ ಸಮಾಧಾನವೂ ಆಯಿತು. ನನಗಿಂತ ಕೆಳಗೆ ಒಬ್ಬರು ಇದ್ದಾರಲ್ಲ ಅಂತ.

ಪ್ರತಿ ಶುಕ್ರವಾರ ಸಂಜೆ ಅಂಕ ಹೇಳುತ್ತಿದ್ದರು. ಮಂಚಗಳ ನಡುವೆ ಬರೀ ಪರದೆ. ಪರದೆಗೆ ಕಿವಿ ಇರಲಿಲ್ಲ, ನನಗಿತ್ತು. ಕಿಟಕಿಯಮ್ಮನದು 38. ಬರೆದುಕೊಂಡೆ.

ಅವರಿಗೆ ಎಡಗಡೆ ಅನ್ನೋದು ಜಗತ್ತಿನಲ್ಲೇ ಇರಲಿಲ್ಲ. ಕಣ್ಣು ಸರಿ ಇತ್ತು, ಗಮನ ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ಗಡಿಯಾರ ಬರೆಯಿರಿ ಅಂದರೆ ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲೇ ತುರುಕುತ್ತಿದ್ದರು. ತಲೆಯ ಬಲಭಾಗ ಮಾತ್ರ ಬಾಚುತ್ತಿದ್ದರು. ಒಂದು ರಾತ್ರಿ ತಮ್ಮದೇ ಎಡಗೈಯನ್ನು ಹಿಡಿದುಕೊಂಡು “ಸಿಸ್ಟರ್, ಇದು ಯಾರ ಕೈ? ತೆಗೀರಿ” ಅಂತ ಕೂಗಿದರು. ನನ್ನ ಮಂಚ ಇದ್ದದ್ದು ಅವರ ಎಡಕ್ಕೆ. ಹಾಗಾಗಿ ನಾನೂ ಇರಲಿಲ್ಲ. ನಾನು ಮಾತಾಡಿಸಿದರೆ ಕಿಟಕಿ ಕಡೆ ತಿರುಗಿ ಉತ್ತರ ಕೊಡುತ್ತಿದ್ದರು.

ಥೆರಪಿಸ್ಟ್‌ಗಳು ಬೇಕೆಂದೇ ಎಲ್ಲವನ್ನೂ ಅವರ ಎಡಕ್ಕೆ ಇಡುತ್ತಿದ್ದರು. ನೀರು, ಕನ್ನಡಕ, ಮಗನ ಕುರ್ಚಿ. ಪುಸ್ತಕದ ಪುಟದ ಎಡಗಡೆ ಅಂಚಿಗೆ ಒಂದು ಕೆಂಪು ಗೆರೆ ಎಳೆದು, ಪ್ರತಿ ಸಾಲಿಗೂ ಆ ಗೆರೆ ಸಿಗುವ ತನಕ ಕಣ್ಣು ಹೊರಳಿಸಿ ಅನ್ನುತ್ತಿದ್ದರು. ಮೂರನೇ ವಾರ ಇರಬೇಕು, ಒಂದು ಮಧ್ಯಾಹ್ನ ಅವರು ನಿಧಾನವಾಗಿ ಕತ್ತು ತಿರುಗಿಸಿದರು. ಇನ್ನೂ ತಿರುಗಿಸಿದರು. ನನ್ನ ಮೇಲೆ ಕಣ್ಣು ನಿಂತಿತು.

“ಏನಮ್ಮಾ, ಹೊಸದಾಗಿ ಬಂದ್ರಾ?”

ನಿಮಗಿಂತ ಮೊದಲೇ ಬಂದವಳು ನಾನು ಅನ್ನೋಕೆ ಹೋದೆ. ಮಾತು ಸಿಗಲಿಲ್ಲ. ತಲೆ ಅಲ್ಲಾಡಿಸಿದೆ.

ಅಲ್ಲಿಂದ ಅವರ ಓಟ ಶುರುವಾಯಿತು. 38 ಇದ್ದದ್ದು 44, ಆಮೇಲೆ 55, ಆಮೇಲೆ 66. ಮೂಗಿನ ಪೈಪು ಹೋಯಿತು. ಸುಲಭವಾಗಿ ನುಂಗಲಿ ಅಂತ ಗಂಜಿಯ ಹಾಗೆ ಮಂದ ಮಾಡಿದ ನೀರು ಕುಡಿದರು, ಆಮೇಲೆ ಬರೀ ನೀರನ್ನೇ ಕುಡಿದರು. ನಾನು? ಮೊದಲ ಎರಡು ವಾರ ಸರಸರ ಏರಿದೆ. 71, 79, 86. ಆಮೇಲೆ 88. ಆಮೇಲೆ 89. ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದೆ. ಅವರದು ಮೆಟ್ಟಿಲಿನ ಹಾಗೆ ಏರುತ್ತಿತ್ತು, ನನ್ನದು ಜಗಲಿಯ ಹಾಗೆ ಮಲಗಿತ್ತು.

ಕಿಟಕಿಯಮ್ಮ ಪ್ಯಾರಲಲ್ ಬಾರ್‌ಗಳ ನಡುವೆ ಐದು ಹೆಜ್ಜೆ ಇಟ್ಟ ದಿನ ಇಡೀ ಜಿಮ್ಮು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಂದರೆ ಎಡಗೈಯಿಂದ ತೊಡೆಗೆ ತಟ್ಟಿದೆ, ಎರಡು ಕೈ ಬೇಕಲ್ಲ ಚಪ್ಪಾಳೆಗೆ. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಬೆಲ್ ಒತ್ತದೆ, ಯಾರನ್ನೂ ಕರೆಯದೆ, ಬಾತ್‌ರೂಮಿಗೆ ಎದ್ದೆ. ನಾನೂ ಏನು ಕಡಿಮೆ ಅಂತ. ಮೂರನೇ ಹೆಜ್ಜೆಗೆ ಬಲ ಪಾದದ ಬೆರಳು ನೆಲಕ್ಕೆ ಸಿಕ್ಕಿಕೊಂಡಿತು. ಬಿದ್ದೆ.

ಮೂಳೆ ಮುರಿಯಲಿಲ್ಲ. ಸೊಂಟ ಒಂದು ವಾರ ನೀಲಿ ಇತ್ತು. ಜಿಮ್ಮಿಗೆ ಎರಡು ದಿನ ರಜೆ ಹಾಕಿಸಿದರು. ಸಿಸ್ಟರ್ ಬೈದಿದ್ದಕ್ಕಿಂತ ಫಿಸಿಯೋ ಹುಡುಗ ಏನೂ ಬೈಯದೆ ನಿಂತಿದ್ದು ಜಾಸ್ತಿ ನೋವಾಯಿತು.

ಮರುದಿನ ಡಾಕ್ಟ್ರು ಬಂದಾಗ ನೋಟ್‌ಬುಕ್ ತೋರಿಸಿದೆ. ಎರಡು ಗೆರೆ. “ಯಾಕೆ?” ಅಂದೆ. ಆಗ ನನ್ನ ಬಾಯಲ್ಲಿ ಸರಿಯಾಗಿ ಬರುತ್ತಿದ್ದ ಕೆಲವೇ ಮಾತುಗಳಲ್ಲಿ ಅದೂ ಒಂದು. ಅವರು ಕುರ್ಚಿ ಎಳೆದುಕೊಂಡು ಕೂತರು. ವಾರ್ಡಿನಲ್ಲಿ ಡಾಕ್ಟ್ರು ಕೂರೋದು ಅಪರೂಪ.

“ನಿಮ್ಮದರಲ್ಲಿ ಮೆದುಳಿನ ಒಂದು ಜಾಗಕ್ಕೆ ರಕ್ತ ನಿಂತುಹೋಯಿತು. ಅಷ್ಟು ಸತ್ತಿದೆ. ಅದರ ಅಂಚಿನಲ್ಲಿ ಸ್ವಲ್ಪ ಮಂಕು ಹಿಡಿದು ಕೂತಿತ್ತು. ಅದು ಮೊದಲ ದಿನಗಳಲ್ಲೇ ಎದ್ದಿತು. ನೀವು ಬೇಗ ಏರಿದ್ದು ಅದರಿಂದಲೂ ಹೌದು. ಸತ್ತ ಭಾಗದ ಕೆಲಸವನ್ನು ಈಗ ಬೇರೆ ಭಾಗಗಳು ಕಲೀಬೇಕು. ಕಲಿಯೋದು ನಿಧಾನ. ಅವರದರಲ್ಲಿ ರಕ್ತ ಹೊರಗೆ ಬಂದು ಗಡ್ಡೆ ಕಟ್ಟಿತು. ಅದು ನುಗ್ಗಿದ ಜಾಗ ಹಾಳಾಗಿದೆ. ಆದರೆ ಸುತ್ತಲಿನದರಲ್ಲಿ ಎಷ್ಟೋ ಭಾಗ ಸತ್ತಿರಲಿಲ್ಲ, ಒತ್ತಡಕ್ಕೆ ಸಿಕ್ಕಿಕೊಂಡಿತ್ತು. ವಾರ ಕಳೆದ ಹಾಗೆ ಊತ ಇಳಿಯಿತು, ರಕ್ತ ಕರಗಿತು. ಒತ್ತಿದ ಕೈ ತೆಗೆದ ಹಾಗೆ.”

ಅವರು ಹೋದ ಮೇಲೆ ನನ್ನ ಭಾಷೆಯಲ್ಲಿ ಬರೆದುಕೊಂಡೆ. ನನ್ನದು ಮುಳುಗಿದ ಸಾಲ, ವಜಾ ಹಾಕಬೇಕು. ಅವರದು ತಡವಾಗಿ ವಸೂಲಾಗುವ ಬಾಕಿ.

ಆಮೇಲೆ ಮಗಳ ಫೋನಿನಲ್ಲಿ ಒಂದಷ್ಟು ಓದಿದೆ, ಅಂದರೆ ಅವಳು ಓದಿ ಹೇಳಿದಳು. 2003ರಲ್ಲಿ ಇಟಲಿಯಲ್ಲಿ ಒಂದು ಅಧ್ಯಯನ ಆಗಿದೆ. 135 ಬ್ಲೀಡ್ ಆದವರು, 135 ಬ್ಲಾಕ್ ಆದವರು. ವಯಸ್ಸು, ತೀವ್ರತೆ ಎಲ್ಲ ಜೋಡಿ ಜೋಡಿಯಾಗಿ ಹೊಂದಿಸಿ ನೋಡಿದರಂತೆ. ಪುನರ್ವಸತಿಯಲ್ಲಿ ಬ್ಲೀಡ್‌ನವರೇ ಜಾಸ್ತಿ ಚೇತರಿಸಿಕೊಂಡಿದ್ದರು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲೂ ಹಾಗೇ: ಅವರು ಬರುವಾಗ ಅಂಕ ಕಡಿಮೆ, ಗಳಿಕೆ ಜಾಸ್ತಿ. ಎಲ್ಲ ಅಧ್ಯಯನಗಳೂ ಹೀಗೇ ಹೇಳಿಲ್ಲ, ಅದೂ ನಿಜ.

ನನ್ನೊಳಗಿನ ಲೆಕ್ಕದವಳು ಅಷ್ಟಕ್ಕೇ ಬಿಡಲಿಲ್ಲ. ಈ ಲೆಕ್ಕದಲ್ಲಿ ಯಾರು ಬಿಟ್ಟುಹೋಗಿದ್ದಾರೆ ಅಂತ ಕೇಳಿದಳು. ಮೆದುಳಿನೊಳಗೆ ರಕ್ತಸ್ರಾವ ಆದ ನೂರು ಜನರಲ್ಲಿ ಸುಮಾರು 40 ಮಂದಿ ಮೊದಲ ತಿಂಗಳಲ್ಲೇ ತೀರಿಕೊಳ್ಳುತ್ತಾರೆ. ಅವರು ಯಾವ ಜಿಮ್ಮಿಗೂ ಬರಲ್ಲ, ಯಾವ ಗೆರೆಯಲ್ಲೂ ಕಾಣಲ್ಲ. ಕಿಟಕಿಯಮ್ಮನ ಮಗ ಐಸಿಯು ಬಾಗಿಲಲ್ಲಿ ಹತ್ತು ಹನ್ನೆರಡು ದಿನ ನಿಂತಿದ್ದವನು. ಅವರ ಏರುಗೆರೆ ನೋಡಿ ನಾನು ಉರಿದುಕೊಳ್ಳುತ್ತಿದ್ದೆ. ಆ ಗೆರೆ ಶುರುವಾಗೋಕೆ ಮುಂಚಿನ ಪುಟ ನಾನು ನೋಡಿರಲಿಲ್ಲ.

ಹಾಗಂತ ಬ್ಲಾಕ್ ಆದವರೆಲ್ಲ ನನ್ನ ಹಾಗೆ ಅಲ್ಲ. ಎದುರು ಕೋಣೆಯ ಒಬ್ಬರಿಗೆ ಮೆದುಳಿನ ಆಳದ ಸಣ್ಣ ನಾಳ ಕಟ್ಟಿತ್ತು. ಮಾತು ಸ್ಪಷ್ಟ, ನೆನಪು ಸ್ಪಷ್ಟ, ಕೈಕಾಲು ಮಾತ್ರ ಸೋತಿದ್ದವು. ಎರಡೂವರೆ ವಾರಕ್ಕೆ ನಡೆದುಕೊಂಡೇ ಮನೆಗೆ ಹೋದರು. ಇನ್ನೊಬ್ಬರಿಗೆ ಹಿಂಮೆದುಳಲ್ಲಿ ಆಗಿತ್ತು. ಕೈಕಾಲಲ್ಲಿ ಶಕ್ತಿ ಪೂರ್ತಿ ಇತ್ತು, ನಿಂತರೆ ಮಾತ್ರ ದೋಣಿಯಲ್ಲಿ ನಿಂತ ಹಾಗೆ ತೂಗಾಡುತ್ತಿದ್ದರು. ಲೋಟ ಹಿಡಿಯೋಕೆ ಹೋದರೆ ಕೈ ಲೋಟ ದಾಟಿ ಆಚೆ ಹೋಗುತ್ತಿತ್ತು. ಎಷ್ಟು ದೊಡ್ಡದು, ಎಲ್ಲಿ ಆಯಿತು ಅನ್ನೋದರ ಮೇಲೆ ಎಷ್ಟೋ ನಿಂತಿದೆ.

ಈಗ ಬಾಗಿಲ ಹತ್ತಿರದ ಹುಡುಗಿ. ಅವಳದು ಮೂರನೇ ಥರ. ನಾಳದ ಗೋಡೆ ಗುಳ್ಳೆಯ ಹಾಗೆ ಉಬ್ಬಿ ಒಡೆದು, ಮೆದುಳಿನ ಸುತ್ತ ಪೊರೆಯ ಕೆಳಗೆ ರಕ್ತ ಹರಡಿತ್ತು. ತಲೆ ಸಿಡಿದ ಹಾಗೆ ಒಂದೇ ಸಲ ನೋವು ಬಂತಂತೆ. ತೊಡೆಯ ಹತ್ತಿರದ ನಾಳದಿಂದ ಸಣ್ಣ ತಂತಿಸುರುಳಿ ಕಳಿಸಿ ಆ ಗುಳ್ಳೆ ಮುಚ್ಚಿದ್ದರು. ಅವಳು ನಮ್ಮಿಬ್ಬರಿಗಿಂತ ಚೆನ್ನಾಗಿ ನಡೆಯುತ್ತಿದ್ದಳು. ಮೆಟ್ಟಿಲು ಹತ್ತುತ್ತಿದ್ದಳು. ಜಡೆ ತಾನೇ ಹೆಣೆದುಕೊಳ್ಳುತ್ತಿದ್ದಳು. ಅಂಕ 105, ಕೋಣೆಗೇ ಮೊದಲು. ನೋಡೋಕೆ ಬಂದವರೆಲ್ಲ “ನಿನಗೇನಾಗಿದೆಯೇ, ಚೆನ್ನಾಗೇ ಇದ್ದೀಯಲ್ಲ” ಅನ್ನುತ್ತಿದ್ದರು. ಅವರು ಹೋದ ಮೇಲೆ ಹೊದಿಕೆ ಎಳೆದುಕೊಂಡು ಅಳುತ್ತಿದ್ದಳು. ಹತ್ತು ನಿಮಿಷಕ್ಕೆ ಯಾರು ಬಂದಿದ್ದರು ಅನ್ನೋದು ಮರೆಯುತ್ತಿತ್ತು. ಅಳು ಮಾತ್ರ ಉಳಿಯುತ್ತಿತ್ತು.

ನಲ್ಲಿ ತಿರುಗಿಸಿ ಮರೆಯುತ್ತಿದ್ದಳು. ಬಾತ್‌ರೂಮಿಂದ ಬಂದು ಬೇರೆಯವರ ಕೋಣೆಗೆ ಹೋಗುತ್ತಿದ್ದಳು. ದಿನಕ್ಕೆ ಏಳೆಂಟು ಸಲ “ಅಕ್ಕಾ, ನಾನು ಯಾಕೆ ಇಲ್ಲಿದ್ದೀನಿ?” ಅಂತ ಕೇಳುತ್ತಿದ್ದಳು. ನನಗೂ ಅದು ಒಳ್ಳೆ ಅಭ್ಯಾಸ ಆಯಿತು. ಒಂದೇ ವಾಕ್ಯ, ದಿನಕ್ಕೆ ಎಂಟು ಸಲ. ಅದನ್ನು ತಡವರಿಸದೆ ಹೇಳೋಕೆ ಕಲಿತಿದ್ದು ಅವಳಿಂದಲೇ.

ಅವಳನ್ನು ನೋಡಿದ ಮೇಲೆ ಫಿಮ್ ಪಟ್ಟಿಯನ್ನು ಬಿಡಿಸಿ ನೋಡಿದೆ. 18 ವಿಷಯದಲ್ಲಿ 13 ದೇಹಕ್ಕೆ ಸೇರಿದ್ದು. ಅದಕ್ಕೇ 91 ಅಂಕ. ತಿಳಿಯೋದು, ಹೇಳೋದು, ಬೆರೆಯೋದು, ಸಮಸ್ಯೆ ಬಿಡಿಸೋದು, ನೆನಪು, ಈ ಐದಕ್ಕೂ ಸೇರಿ 35. ಅವಳಿಗೆ ದೇಹದಲ್ಲಿ 88, ತಲೆಯಲ್ಲಿ 17. ಒಟ್ಟು ಮಾಡಿದರೆ ಚೆಂದದ ಮೊತ್ತ. ಆದರೆ ಅವಳನ್ನು ಅರ್ಧ ಗಂಟೆ ಒಬ್ಬಳೇ ಬಿಡುವ ಹಾಗಿರಲಿಲ್ಲ. ಒಟ್ಟು ಮೊತ್ತ ಮಾತ್ರ ನೋಡುವ ಆಡಿಟರನ್ನು ನಾನು ಎಂದೂ ನಂಬಿದವಳಲ್ಲ. ಇಲ್ಲಿ ನಾನೇ ಆ ಕೆಲಸ ಮಾಡುತ್ತಿದ್ದೆ.

ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಅವಳಿಗೂ ಒಂದು ಪುಸ್ತಕ ಕೊಟ್ಟರು. ನನ್ನದರಲ್ಲಿ ಅಂಕಿ, ಅವಳದರಲ್ಲಿ ಜಗತ್ತು. ಮೊದಲ ಪುಟದಲ್ಲಿ ಅವಳ ಕೈಬರಹದಲ್ಲೇ: ‘ನನಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಈಗ ಅಪಾಯ ಇಲ್ಲ. ಇದು ಪುನರ್ವಸತಿ ವಾರ್ಡು. ನನ್ನ ಮಂಚ ಬಾಗಿಲ ಪಕ್ಕ.’ ಮುಂದಿನ ಪುಟಗಳಲ್ಲಿ ಆ ದಿನದ್ದು. ಯಾರು ಬಂದರು, ಏನು ಹೇಳಿದರು, ಯಾವುದನ್ನು ಮತ್ತೆ ಕೇಳಬಾರದು. ಫೋನಿನಲ್ಲಿ ಗಂಟೆಗೊಂದು ಅಲಾರಂ. ಅಲಾರಂ ಹೊಡೆದರೆ ಪುಸ್ತಕ ತೆಗೆಯಬೇಕು, ಅಷ್ಟೇ. ಮೂರು ವಾರದಲ್ಲಿ ನೆನಪು ತುಂಬ ಏನೂ ಸುಧಾರಿಸಲಿಲ್ಲ. ಪುಸ್ತಕ ತೆಗೆಯುವ ಅಭ್ಯಾಸ ಮಾತ್ರ ಕೂತಿತು. ನನಗೆ ಕೇಳುವ ಪ್ರಶ್ನೆ ದಿನಕ್ಕೆ ಎರಡಕ್ಕೆ ಇಳಿಯಿತು.

ನನ್ನ ಕೈ ಬಗ್ಗೆ ಹೇಳಲೇಬೇಕು. ಕಾಲು ಬಂದ ಹಾಗೆ ಕೈ ಯಾಕೆ ಬರಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನನ್ನಲ್ಲಿ ಕಟ್ಟಿದ ನಾಳ ಮೆದುಳಿನಲ್ಲಿ ಕೈ ಮತ್ತು ಮುಖದ ಜಾಗಕ್ಕೆ ರಕ್ತ ಕೊಡೋದು. ಕಾಲಿನ ಜಾಗಕ್ಕೆ ಹೆಚ್ಚಾಗಿ ಬೇರೆ ನಾಳ ಇದೆ. ಅದೂ ಅಲ್ಲದೆ, ಮಂಡಿ ಗಟ್ಟಿಯಾಗಿ ನಿಂತರೆ ಹೇಗೋ ನಡೆದುಬಿಡಬಹುದು. ಗುಂಡಿ ಹಾಕೋಕೆ ಅದು ಸಾಲದು. ಮೊದಲು ಕೈ ಸುಮ್ನೆ ನೇತಾಡುತ್ತಿತ್ತು. ಆಗಲೇ ಒಂದು ಅನಾಹುತ ಆಗಿದ್ದು. ಇಲ್ಲಿಗೆ ಬರೋಕೆ ಮುಂಚೆ ಇದ್ದ ಕಡೆ, ಒಬ್ಬರು ಎಬ್ಬಿಸೋಕೆ ಅಂತ ಬಲಗೈ ಹಿಡಿದು ಎಳೆದುಬಿಟ್ಟರು. ಸೋತ ಭುಜಕ್ಕೆ ಹಿಡಿತ ಇರಲ್ಲ, ಕೀಲು ಸಡಿಲ. ನೋವು ಒಂದು ತಿಂಗಳು ಕಾಡಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಕೈ ಹಿಡಿದು ಎಳೆಯಬೇಡಿ. ಸೊಂಟದ ಬೆಲ್ಟ್ ಹಿಡಿಯಿರಿ.

ಆಮೇಲೆ ಬಿಗಿತ ಬಂತು. ಕೈ ಎತ್ತೋಕೆ ಹೋದರೆ ಮೊಣಕೈ ಮಡಿಸಿ, ಮುಷ್ಟಿ ಕಟ್ಟಿ, ಎಲ್ಲ ಒಟ್ಟಿಗೇ ಎದೆಗೆ ಬರುತ್ತಿತ್ತು. ಒಂದನ್ನು ಕರೆದರೆ ಮನೆಮಂದಿಯೆಲ್ಲ ಎದ್ದು ಬಂದ ಹಾಗೆ. ಬೇರೆ ಬೇರೆಯಾಗಿ ಬರೋದು ಕಲಿಸಬೇಕು, ಅದೇ ಕೆಲಸ.

ಒಂದು ದಿನ ಯಾರೋ ಸಂಬಂಧಿಕರು “ಮೂರು ತಿಂಗಳಲ್ಲಿ ಬಂದಿದ್ದಷ್ಟೇ, ಆಮೇಲೆ ಇಲ್ಲ” ಅಂದು ಹೋದರು. ಹುಡುಕಿದರೆ ಅದಕ್ಕೂ ಒಂದು ಮೂಲ ಸಿಕ್ಕಿತು. 1995ರ ಕೋಪನ್‌ಹೇಗನ್ ಅಧ್ಯಯನದಲ್ಲಿ ನೂರಕ್ಕೆ 95 ಮಂದಿ ದಿನನಿತ್ಯದ ಕೆಲಸಗಳಲ್ಲಿ ತಮ್ಮಿಂದಾಗುವ ಮಟ್ಟವನ್ನು ಸುಮಾರು 13 ವಾರದೊಳಗೆ ಮುಟ್ಟಿದ್ದರು. ಎದೆ ಧಸಕ್ಕೆಂದಿತು. ಫಿಸಿಯೋ ಹುಡುಗ ಕೇಳಿ ನಕ್ಕ. “ಅದು ಊಟ, ಬಟ್ಟೆ, ನಡಿಗೆಯ ಲೆಕ್ಕ ಮೇಡಂ. ಒಂದು ಕೈಯಲ್ಲಿ ಬಟ್ಟೆ ಹಾಕೋಕೆ ಕಲಿತರೂ ಅದರಲ್ಲಿ ಅಂಕ ಬರುತ್ತೆ. ಕೈ ಕಲಿಯೋದು ಅಲ್ಲಿಗೆ ನಿಲ್ಲಲ್ಲ” ಅಂದ. 2006ರಲ್ಲಿ ಎಕ್ಸೈಟ್ ಅನ್ನೋ ಅಧ್ಯಯನ ಬಂದಿದೆ ಅಂತ ಹೇಳಿದ. ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದವರ ಒಳ್ಳೆಯ ಕೈಗೆ ಗವಸು ಹಾಕಿ, ಎರಡು ವಾರ ಸೋತ ಕೈಯಲ್ಲೇ ಕೆಲಸ ಮಾಡಿಸಿದ್ದರು. ಅವರ ಕೈ ಸುಧಾರಿಸಿತ್ತು. ಒಂದೇ ಷರತ್ತು, ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಚ್ಚಿಕೊಳ್ಳಬೇಕು.

ಐದನೇ ವಾರ, ಮಂಗಳವಾರ, ನನ್ನ ಬಲಗೈ ತೋರುಬೆರಳು ಮೇಜಿನಿಂದ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತು. ಫಿಮ್‌ನಲ್ಲಿ ಅದಕ್ಕೆ ಅಂಕ ಇಲ್ಲ. ನಾನು ಖಾತೆ ಪುಸ್ತಕದಲ್ಲಿ ಆ ಪುಟಕ್ಕೆ ಒಂದು ಚೌಕ ಬರೆದು ಒಳಗೆ ‘ಬೆರಳು’ ಅಂತ ಬರೆದೆ. ಕಿಟಕಿಯಮ್ಮ ತಮ್ಮ ಮಂಚದಿಂದ ಕತ್ತು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದರು. “ಇನ್ನೊಂದ್ಸಲ ಮಾಡಮ್ಮಾ, ನನಗೆ ಸರಿಯಾಗಿ ಕಾಣಲಿಲ್ಲ” ಅಂದರು. ಮಾಡಿದೆ. ಮೂರು ಸಲ ಮಾಡಿಸಿದರು.

ಈಗ ಮನೆಯಲ್ಲಿ ದಿನದ ಹೆಚ್ಚಿನ ಹೊತ್ತು ಎಡಗೈಗೆ ಗವಸು. ಈ ಬರಹ 11 ದಿನ ಹಿಡಿದಿದ್ದು ಅದಕ್ಕೇ. ಟೈಪ್ ಮಾಡೋಕೆ ಅದಕ್ಕೆ ಸಂಜೆ ಮಾತ್ರ ಬಿಡುವು.

ಬಿಡುಗಡೆಯ ದಿನ ನನ್ನದು 95. ಗಳಿಕೆ 24. ಆ ಶುಕ್ರವಾರ ಕಿಟಕಿಯಮ್ಮನದು 76, ಗಳಿಕೆ 38. ಅವರಿಗೆ ಇನ್ನೂ ಎರಡು ವಾರ ಇತ್ತು. ನಾಲ್ಕು ಕಾಲಿನ ಕೋಲು ಹಿಡಿದು ನಾನು ಬಾಗಿಲ ತನಕ ಬಂದೆ. ಹುಡುಗಿಯ ಅಲಾರಂ ಹೊಡೆಯಿತು. ಅವಳು ಪುಸ್ತಕ ತೆಗೆದಳು. ನನ್ನನ್ನು ನೋಡಿದಳು, ನನ್ನ ಚೀಲ ನೋಡಿದಳು, ಖಾಲಿ ಮಂಚ ನೋಡಿದಳು. ಬರೆದು ಮುಗಿಸಿ, ಸರಿ ಇದೆಯಾ ನೋಡಿ ಅಕ್ಕಾ ಅಂತ ನನ್ನ ಕಡೆ ತಿರುಗಿಸಿದಳು.

‘ನಡುವಿನ ಮಂಚದ ಅಕ್ಕ ಇವತ್ತು ಮನೆಗೆ ಹೋದರು. ನಡೆದುಕೊಂಡು ಹೋದರು. ಹುಡುಕಬಾರದು.’